ಗಂಡನ ಹೆಸರಲ್ಲೇ ನಡೆಯುತ್ತಿದ್ದ ಮನೆ: ದೊರ್ದೋನ್‌ನಲ್ಲಿ ಒಬ್ಬ ಬ್ರಿಟಿಷ್ ಮಹಿಳೆಯ ಪ್ರಕರಣ

ಈ ಮಹಿಳೆಗೆ 63 ವರ್ಷ. ಇಂಗ್ಲೆಂಡಿನ ಲೀಡ್ಸ್ ಕಡೆಯವರು. 2018ರ ವಸಂತದಲ್ಲಿ ಗಂಡನ ಜೊತೆ ಫ್ರಾನ್ಸಿನ ನೈರುತ್ಯ ಭಾಗದ ದೊರ್ದೋನ್‌ಗೆ ಬಂದು, ಒಂದು ಹಳ್ಳಿಯಲ್ಲಿ ಮನೆ ಕೊಂಡು ನೆಲೆಸಿದರು. ಆ ಜಿಲ್ಲೆಯಲ್ಲಿ ಬ್ರಿಟಿಷರು ತುಂಬ ಜನ ಇದ್ದಾರೆ. 2025ರ ಜನವರಿಯಲ್ಲಿ ಗಂಡ ತೀರಿಕೊಂಡರು. ಅವರಿಗೆ 71. ಇಬ್ಬರಿಗೂ ಸೇರಿ ಮಕ್ಕಳಿಲ್ಲ. ಗಂಡನ ಮೊದಲ ಮದುವೆಯ ಮಗಳು ಮತ್ತು ಮಗ ಇಂಗ್ಲೆಂಡಿನಲ್ಲೇ ಇದ್ದಾರೆ. ಈಕೆಗೆ ಬರುವ ಫ್ರೆಂಚ್ ಸಂತೆಗೆ, ನೆರೆಯವರ ಜೊತೆ ಮಾತಿಗೆ ಸಾಕು, ಕಚೇರಿಯ ಪತ್ರಕ್ಕೆ ಸಾಲದು. ಆ ಪತ್ರಗಳನ್ನು ಅವರ ಜೊತೆ ಕೂತು ಓದಿದವನು ನಾನು. ಅವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರು, ಹಳ್ಳಿ ಬಿಟ್ಟಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಫ್ರಾನ್ಸಿನ ಕಚೇರಿಗಳಿಗೆ ಗಂಡ ಹೆಂಡತಿ ಅಂದರೆ ಎರಡು ಬೇರೆ ಬೇರೆ ಫೈಲು. ಈ ದಂಪತಿ ಏಳು ವರ್ಷ ಒಂದೇ ಫೈಲಿನಲ್ಲಿ ಬದುಕಿದ್ದರು, ಅದೂ ಗಂಡನ ಹೆಸರಲ್ಲಿ. ಕರೆಂಟ್ ಬಿಲ್ಲು, ಇಂಟರ್ನೆಟ್ಟು, ಕಾರು, ತೆರಿಗೆ ವೆಬ್‌ಸೈಟಿನ ಲಾಗಿನ್, ಪೂರಕ ಆರೋಗ್ಯ ವಿಮೆ, ಕೊನೆಗೆ ಆಸ್ಪತ್ರೆಗೆ ಹೋಗುವ ಹಕ್ಕು ಕೂಡ. ಅವರು ಹೋದ ಮೇಲೆ ಒಂದೊಂದಾಗಿ ಅಲ್ಲ, ಎಲ್ಲವೂ ಒಟ್ಟಿಗೇ ಸಡಿಲವಾಯಿತು. ಇದು ಅವರೊಬ್ಬರ ಕಥೆಯಲ್ಲ. ಇಲ್ಲಿನ ಬ್ರಿಟಿಷ್ ನಿವೃತ್ತರಲ್ಲಿ ಅರ್ಧಕ್ಕರ್ಧ ಮನೆಗಳು ಹೀಗೇ ನಡೆಯುತ್ತಿವೆ ಎಂದು ನನಗೆ ಅನ್ನಿಸುತ್ತದೆ, ಅದಕ್ಕೇ ಇದನ್ನು ಪೂರ್ತಿ ಬರೆಯುತ್ತಿರೋದು.

ಮೊದಲ ವಾರ ಅಷ್ಟೇನೂ ಕಷ್ಟ ಆಗಲಿಲ್ಲ. ಸಾವನ್ನು 24 ಗಂಟೆಯೊಳಗೆ ಊರಿನ ಮೇರಿಗೆ, ಅಂದರೆ ಪುರಸಭೆ ಕಚೇರಿಗೆ, ತಿಳಿಸಬೇಕು. ಅಂತ್ಯಕ್ರಿಯೆಯ ಸಂಸ್ಥೆಯವರೇ ಅದನ್ನು ಮಾಡಿದರು. ಮೊದಲು ಆರು ದಿನದೊಳಗೆ ಅಂತ್ಯಕ್ರಿಯೆ ಮುಗಿಸಬೇಕು ಅಂತ ನಿಯಮ ಇತ್ತು, 2024ರ ಜುಲೈಯಿಂದ ಅದು 14 ದಿನ ಆಗಿದೆ. ಹಾಗಾಗಿ ಮಕ್ಕಳು ಇಂಗ್ಲೆಂಡಿನಿಂದ ನೆಮ್ಮದಿಯಾಗಿ ಬರೋಕಾಯಿತು. ಮೇರಿಯಲ್ಲಿ ಮರಣ ಪತ್ರದ ಪ್ರತಿಗಳಿಗೆ ದುಡ್ಡಿಲ್ಲ. ಹತ್ತು ಹದಿನೈದು ಪ್ರತಿ ಕೇಳಿ ತೆಗೆದುಕೊಳ್ಳಿ, ಸಂಕೋಚ ಬೇಡ. ಜೊತೆಗೆ ಬಹುಭಾಷಾ ಪ್ರತಿಯನ್ನೂ ಕೇಳಬೇಕು. ಬ್ರಿಟನ್ನಿನ ಪಿಂಚಣಿ ಕಚೇರಿಗೆ, ಬ್ಯಾಂಕಿಗೆ ಅದನ್ನೇ ಕಳಿಸಿದರೆ ಅನುವಾದದ ಖರ್ಚು ಉಳಿಯುತ್ತದೆ.

ಬ್ಯಾಂಕ್ ವಿಷಯದಲ್ಲಿ ಅವರ ಅದೃಷ್ಟ ಚೆನ್ನಾಗಿತ್ತು. ಫ್ರಾನ್ಸಿನಲ್ಲಿ ಜಂಟಿ ಖಾತೆ ಸಾಮಾನ್ಯವಾಗಿ ಮುಚ್ಚಿಹೋಗುವುದಿಲ್ಲ, ಉಳಿದವರು ಬಳಸುತ್ತಾ ಇರಬಹುದು. ಸತ್ತವರ ಒಬ್ಬರದೇ ಹೆಸರಿನ ಖಾತೆ ಮಾತ್ರ ತಕ್ಷಣ ನಿಂತುಹೋಗುತ್ತದೆ. ಆದರೂ ಅಂತ್ಯಕ್ರಿಯೆಯ ಬಿಲ್ಲಿಗೆ ಅದರಿಂದ ಸುಮಾರು 6,000 ಯೂರೋವರೆಗೆ ಬ್ಯಾಂಕ್ ಕೊಡಬಹುದು. ಇವರ ಉಳಿತಾಯದ ಬಹುಪಾಲು ಗಂಡನ ಹೆಸರಿನ ಲಿವ್ರೆ, ಅಂದರೆ ಉಳಿತಾಯ ಖಾತೆಯಲ್ಲಿತ್ತು, ಅದು ನಿಂತಿತು. ದಿನದ ಖರ್ಚಿನ ಖಾತೆ ಜಂಟಿಯಾಗಿತ್ತು, ಅದು ನಡೆಯಿತು. ಈ ಒಂದು ವ್ಯತ್ಯಾಸ ಇರದಿದ್ದರೆ ಆ ಚಳಿಗಾಲದಲ್ಲಿ ಅವರು ಸಾಲ ಮಾಡಬೇಕಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಆರೋಗ್ಯದ ಹಕ್ಕಿನಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬ್ರಿಟನ್ನಿನ ಸ್ಟೇಟ್ ಪಿಂಚಣಿ, ಅಂದರೆ ಸರ್ಕಾರಿ ವೃದ್ಧಾಪ್ಯ ಪಿಂಚಣಿ, ಪಡೆಯುವವರು ಫ್ರಾನ್ಸಿನಲ್ಲಿ ನೆಲೆಸಿದರೆ ಬ್ರಿಟನ್ ಅವರಿಗೆ ಎಸ್1 ಎಂಬ ಫಾರ್ಮ್ ಕೊಡುತ್ತದೆ. ಚಿಕಿತ್ಸೆ ಫ್ರಾನ್ಸ್ ಕೊಡುತ್ತದೆ, ಲೆಕ್ಕ ಬ್ರಿಟನ್ ತೀರಿಸುತ್ತದೆ. ಬ್ರೆಕ್ಸಿಟ್ ಆದ ಮೇಲೂ ಈ ಏರ್ಪಾಡು ಉಳಿದಿದೆ. ಇಲ್ಲಿ ಎಸ್1 ಇದ್ದದ್ದು ಗಂಡನಿಗೆ. ಹೆಂಡತಿಗೆ ಸ್ಟೇಟ್ ಪಿಂಚಣಿ ಸಿಗೋದು 67ಕ್ಕೆ, ಅಲ್ಲಿವರೆಗೆ ಅವರು ಗಂಡನ ಎಸ್1ರಲ್ಲಿ ಅವಲಂಬಿತರಾಗಿ ಸೇರಿಕೊಂಡಿದ್ದರು. ಕೈಯಲ್ಲಿ ಕಾರ್ತ್ ವಿತಾಲ್ ಎಂಬ ಹಸಿರು ಆರೋಗ್ಯ ವಿಮಾ ಕಾರ್ಡ್ ಇತ್ತು, ಅವರದೇ ಫೋಟೊ, ಅವರದೇ ನಂಬರು. ಹಾಗಾಗಿ ಹಕ್ಕೂ ಅವರದೇ ಎಂದು ನಂಬಿದ್ದರು. ಯಾರಾದರೂ ಹಾಗೇ ನಂಬುತ್ತಾರೆ, ಅಲ್ವಾ? ಆದರೆ ಗಂಡ ಹೋದ ಮೇಲೆ ಆ ಎಸ್1 ಮುಗಿಯಿತು, ಅದರ ಮೇಲೆ ನಿಂತಿದ್ದ ಹೆಂಡತಿಯ ಹಕ್ಕೂ ಹೋಯಿತು.

ಹಾಗಂತ ದಾರಿ ಮುಚ್ಚಿತು ಅಂತಲ್ಲ. 2016ರಿಂದ ಫ್ರಾನ್ಸಿನಲ್ಲಿ ಪ್ಯೂಮಾ ಎಂಬ ವ್ಯವಸ್ಥೆ ಇದೆ. ಕಾನೂನುಬದ್ಧವಾಗಿ, ಸ್ಥಿರವಾಗಿ ಮೂರು ತಿಂಗಳಿಗಿಂತ ಜಾಸ್ತಿ ಇಲ್ಲಿ ನೆಲೆಸಿದವರು ಯಾರೇ ಆದರೂ, ಯಾರನ್ನೂ ಅವಲಂಬಿಸದೆ, ನಿವಾಸದ ಆಧಾರದ ಮೇಲೆ ಆರೋಗ್ಯ ವಿಮೆ ಪಡೆಯಬಹುದು. ಅರ್ಜಿ ಹಾಕಬೇಕಾದ್ದು ಜಿಲ್ಲೆಯ ಆರೋಗ್ಯ ವಿಮಾ ಕಚೇರಿ ಸಿಪಿಎಎಂಗೆ. ಜೊತೆಗೆ ಜನನ ಪತ್ರ, ಪಾಸ್‌ಪೋರ್ಟ್, ನಿವಾಸ ಕಾರ್ಡ್, ಬ್ಯಾಂಕ್ ವಿವರ ಮತ್ತು ಇಲ್ಲೇ ವಾಸವಿದ್ದೇವೆ ಎನ್ನುವುದಕ್ಕೆ ಪುರಾವೆ.

ಅರ್ಜಿ ವಾಪಸ್ ಬಂತು. ಕಾರಣ ಹೆಸರು. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ಗಂಡನ ಮನೆತನದ ಹೆಸರು ತೆಗೆದುಕೊಂಡರೆ ಪಾಸ್‌ಪೋರ್ಟಿನಲ್ಲಿ ಅದೊಂದೇ ಇರುತ್ತದೆ. ಫ್ರಾನ್ಸಿನ ಆಡಳಿತಕ್ಕೆ ಹುಟ್ಟಿದಾಗಿನ ಹೆಸರೇ ಜೀವನಪೂರ್ತಿ ಲೆಕ್ಕ, ಗಂಡನ ಹೆಸರು ಬಳಕೆಗೆ ಅಷ್ಟೇ. ಇವರ ಕಾರ್ತ್ ವಿತಾಲ್‌ನಲ್ಲಿ ತವರಿನ ಹೆಸರು, ನಿವಾಸ ಕಾರ್ಡಿನಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಗಂಡನ ಹೆಸರು. ಅರ್ಜಿ ನೋಡುತ್ತಿದ್ದ ನೌಕರರಿಗೆ ಇವರು ಇಬ್ಬರು ಬೇರೆ ಹೆಂಗಸರ ಹಾಗೆ ಕಂಡರು. ಗಂಡ ಇದ್ದಾಗ ಎಲ್ಲವೂ ಅವರ ಫೈಲಿನ ಬಾಲವಾಗಿ ಹೋಗುತ್ತಿದ್ದರಿಂದ ಇದು ಏಳು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮದುವೆ ಪತ್ರವನ್ನು ಕೋರ್ಟಿನ ಪಟ್ಟಿಯಲ್ಲಿರುವ ಪ್ರಮಾಣಿತ ಅನುವಾದಕರಿಂದ ಫ್ರೆಂಚಿಗೆ ಮಾಡಿಸಿ, ಎರಡೂ ಹೆಸರು ಒಬ್ಬರದೇ ಎಂದು ಒಂದು ಪುಟದ ಪತ್ರ ಬರೆದು, ಮತ್ತೆ ಕಳಿಸಿದೆವು. ಈ ಸಲ ರಿಜಿಸ್ಟರ್ಡ್ ಅಂಚೆಯಲ್ಲಿ, ತಲುಪಿದ್ದಕ್ಕೆ ರಸೀದಿ ಬರುವ ಹಾಗೆ. ಫ್ರಾನ್ಸಿನಲ್ಲಿ ಆ ರಸೀದಿಗೆ ಇರುವ ತೂಕ ಫೋನ್ ಕರೆಗೆ ಇಲ್ಲ.

ಉತ್ತರ ಬರಲು ತಿಂಗಳುಗಳೇ ಹಿಡಿದವು. ಆ ಹೊತ್ತಿನಲ್ಲಿ ಬಿಪಿ ಮಾತ್ರೆ ನಿಲ್ಲಿಸೋ ಹಾಗಿಲ್ಲ. ಇಲ್ಲಿ ಸಾಮಾನ್ಯ ವೈದ್ಯರ ಒಂದು ಭೇಟಿಗೆ 30 ಯೂರೋ. ಕಾರ್ಡ್ ಸರಿ ಇದ್ದರೆ ಅದರ 70%ರಲ್ಲಿ 2 ಯೂರೋ ಕಳೆದು 19 ಯೂರೋ ವಾಪಸ್ ಬರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದನ್ನು ಪೂರಕ ವಿಮೆ ಕೊಡುತ್ತದೆ. ಹಕ್ಕು ಇಲ್ಲದ ಆ ಸಮಯದಲ್ಲಿ ಅವರು ಪೂರ್ತಿ ಕೊಟ್ಟು, ವೈದ್ಯರಿಂದ ಕಾಗದದ ಚೀಟಿ ಬರೆಸಿಕೊಂಡು, ಒಂದು ಲಕೋಟೆಯಲ್ಲಿ ಇಟ್ಟುಕೊಂಡರು. ಆ ಚೀಟಿಗಳನ್ನು ಎರಡು ವರ್ಷದೊಳಗೆ ಕಳಿಸಬಹುದು. ಇದು ಗೊತ್ತಿಲ್ಲದೆ ಎಸೆದುಬಿಡುವವರೇ ಜಾಸ್ತಿ. ಕೊನೆಗೆ ಹಕ್ಕು ಮಂಜೂರಾದಾಗ ಹಿಂದಿನ ಚೀಟಿಗಳ ಹಣವೂ ಬಂತು. ಪೂರಕ ವಿಮೆಯ ಕರಾರು ಮಾತ್ರ ಗಂಡನ ಹೆಸರಲ್ಲಿದ್ದುದರಿಂದ ಹೊಸದಾಗಿ ಮಾಡಿಸಬೇಕಾಯಿತು.

ಎಸ್1 ಹೋದದ್ದರ ಇನ್ನೊಂದು ಪರಿಣಾಮ ತೆರಿಗೆ ಹೊತ್ತಿನಲ್ಲಿ ಕಾಣುತ್ತದೆ. ಎಸ್1 ಇದ್ದವರ ಪಿಂಚಣಿಗೆ ಫ್ರಾನ್ಸಿನ ಸಾಮಾಜಿಕ ಕರ ಇಲ್ಲ, ಬಡ್ಡಿ ಬಾಡಿಗೆಯಂಥ ಆದಾಯಕ್ಕೂ 7.5% ಮಾತ್ರ. ಎಸ್1 ಇಲ್ಲದೆ ಫ್ರೆಂಚ್ ವ್ಯವಸ್ಥೆಗೆ ಬಂದವರಿಗೆ ಅದರ ಎರಡು ಪಟ್ಟಿಗೂ ಜಾಸ್ತಿ. ಈ ವಿನಾಯಿತಿ ಕೇಳಲು ತೆರಿಗೆ ಫಾರ್ಮಿನಲ್ಲಿ 8ಎಸ್‌ಎಚ್, 8ಎಸ್‌ಐ ಎಂದು ಎರಡು ಸಣ್ಣ ಚೌಕ ಇವೆ, ಒಂದು ಘೋಷಣೆಯಲ್ಲಿ ಮೊದಲು ಹೆಸರಿರುವವರಿಗೆ, ಒಂದು ಎರಡನೆಯವರಿಗೆ. ಹಿಂದಿನ ವರ್ಷ ಗುರುತು ಹಾಕಿದ್ದೆವು ಅಂತ ಸುಮ್ನೆ ಹಾಗೇ ಹಾಕಿಬಿಟ್ಟರೆ ಮುಂದೆ ನೋಟಿಸ್ ಬರಬಹುದು. 67 ತುಂಬಿ ಸ್ವಂತ ಸ್ಟೇಟ್ ಪಿಂಚಣಿ ಶುರುವಾದಾಗ ಅವರು ತಮ್ಮದೇ ಎಸ್1 ಕೇಳಬಹುದು, ಆಗ ಮತ್ತೆ ಗುರುತು ಹಾಕಬಹುದು.

ತೆರಿಗೆಯ ಉಳಿದ ಭಾಗ ಹೀಗಿತ್ತು. ಫ್ರಾನ್ಸಿನಲ್ಲಿ ದಂಪತಿ ಒಂದೇ ಆದಾಯ ಘೋಷಣೆ ಕೊಟ್ಟರೂ ಇಬ್ಬರಿಗೂ ಬೇರೆ ಬೇರೆ 13 ಅಂಕಿಯ ತೆರಿಗೆ ಸಂಖ್ಯೆ ಇರುತ್ತದೆ. ಇವರ ಮನೆಯಲ್ಲಿ ಗಂಡನ ಲಾಗಿನ್ ಒಂದೇ ಬಳಕೆಯಲ್ಲಿತ್ತು. ಹೆಂಡತಿಯ ಸಂಖ್ಯೆ ಹಳೆಯ ತೆರಿಗೆ ಪತ್ರದ ಮೂಲೆಯಲ್ಲಿ ಸಿಕ್ಕಿತು, ಅದರಿಂದ ಹೊಸ ಖಾತೆ ತೆರೆದೆವು. ಸಾವಿನ ಸುದ್ದಿಯನ್ನು 60 ದಿನದೊಳಗೆ ಅದರಲ್ಲೇ ತಿಳಿಸಬೇಕು, ಇಲ್ಲದಿದ್ದರೆ ತಿಂಗಳ ತೆರಿಗೆ ಕಡಿತ ಹಳೇ ದರದಲ್ಲೇ ನಡೆಯುತ್ತದೆ. ಸಾವಿನ ವರ್ಷಕ್ಕೆ ಎರಡು ಘೋಷಣೆ ಬೇಕು. ಜನವರಿ 1ರಿಂದ ಸಾವಿನ ದಿನದವರೆಗೆ ಜಂಟಿಯಾಗಿ, ಅಲ್ಲಿಂದ ಡಿಸೆಂಬರ್ 31ರವರೆಗೆ ಒಬ್ಬರದೇ. ಬ್ರಿಟನ್ನಿನಲ್ಲಿರುವ ಪ್ರತಿ ಬ್ಯಾಂಕ್ ಖಾತೆಯನ್ನೂ 3916 ಎಂಬ ಫಾರ್ಮಿನಲ್ಲಿ ತೋರಿಸಬೇಕು. ಬಿಟ್ಟರೆ ಖಾತೆಗೆ 1,500 ಯೂರೋ ದಂಡ, ಖಾತೆಯಲ್ಲಿ ಹತ್ತು ಪೌಂಡ್ ಇದ್ದರೂ ಅಷ್ಟೇ.

ಗಂಡನಿಗೆ ಲೀಡ್ಸಿನ ಒಂದು ಖಾಸಗಿ ಕಂಪನಿಯ ಪಿಂಚಣಿ ಬರುತ್ತಿತ್ತು. ಅದರ ಅರ್ಧ ಈಗ ವಿಧವಾ ಪಿಂಚಣಿಯಾಗಿ ಇವರಿಗೆ ಬರುತ್ತದೆ. 2008ರಲ್ಲಿ ಸಹಿಯಾದ ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಇಂಥ ಖಾಸಗಿ ಪಿಂಚಣಿಗೆ ತೆರಿಗೆ ಫ್ರಾನ್ಸಿನಲ್ಲಿ ಮಾತ್ರ. ಗಂಡ ಆ ವಿನಾಯಿತಿ ಪಡೆದಿದ್ದರು. ಆದರೆ ಅದು ಹೆಂಡತಿಗೆ ತಾನಾಗಿ ದಾಟುವುದಿಲ್ಲ. ವಿಧವಾ ಪಿಂಚಣಿಯ ಮೊದಲ ಕಂತಿನಲ್ಲೇ ಬ್ರಿಟನ್ ತೆರಿಗೆ ಹಿಡಿದಿತ್ತು. ಫ್ರೆಂಚ್ ತೆರಿಗೆ ಕಚೇರಿಯ ಮುದ್ರೆ ಹಾಕಿಸಿಕೊಂಡು, ಅವರ ಹೆಸರಲ್ಲಿ ಹೊಸ ಅರ್ಜಿಯನ್ನು ಬ್ರಿಟನ್ನಿನ ತೆರಿಗೆ ಇಲಾಖೆಗೆ ಕಳಿಸಬೇಕಾಯಿತು.

ಬ್ರಿಟನ್ನಿನಿಂದ ಬಂದ ಒಂದು ಒಳ್ಳೆಯ ವಿಷಯವನ್ನೂ ಹೇಳುತ್ತೇನೆ, ಯಾಕೆಂದರೆ ಇದನ್ನು ಕೇಳದೇ ಬಿಡುವವರು ಬಹಳ. ಸ್ಟೇಟ್ ಪಿಂಚಣಿ ವಯಸ್ಸು ತುಂಬದ ವಿಧವೆ ಅಥವಾ ವಿಧುರರಿಗೆ ಅಲ್ಲಿ ಒಂದು ನೆರವಿನ ಹಣ ಇದೆ. ಚಿಕ್ಕ ಮಕ್ಕಳಿಲ್ಲದವರಿಗೆ ಮೊದಲು 2,500 ಪೌಂಡ್, ಆಮೇಲೆ 18 ತಿಂಗಳವರೆಗೆ ತಿಂಗಳಿಗೆ 100 ಪೌಂಡ್. ಫ್ರಾನ್ಸಿನಲ್ಲಿದ್ದರೂ ಸಿಗುತ್ತದೆ. ಪೂರ್ತಿ ಸಿಗಬೇಕಾದರೆ ಸಾವಾದ ಮೂರು ತಿಂಗಳೊಳಗೆ ಕೇಳಬೇಕು. ದುಃಖದಲ್ಲಿರುವವರಿಗೆ ಮೂರು ತಿಂಗಳು ಅಂದರೆ ಏನೂ ಅಲ್ಲ. ಇವರ ನಾದಿನಿ ನೆನಪಿಸಿದ್ದರಿಂದ ಕೈ ತಪ್ಪಲಿಲ್ಲ.

ಇನ್ನು ನಿವಾಸ ಕಾರ್ಡ್. ಅವರಿಗೆ ಜಾಸ್ತಿ ಭಯ ಇದ್ದದ್ದು ಇದರ ಬಗ್ಗೆಯೇ. ಗಂಡ ಇಲ್ಲ, ಇನ್ನು ನನ್ನನ್ನು ಇಲ್ಲಿಂದ ಕಳಿಸಿಬಿಡುತ್ತಾರಾ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಇಲ್ಲ, ಕಳಿಸಲ್ಲ. 2020ರ ಡಿಸೆಂಬರ್ 31ರೊಳಗೆ ಫ್ರಾನ್ಸಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ ಬ್ರಿಟಿಷರಿಗೆ ಬ್ರೆಕ್ಸಿಟ್ ನಿರ್ಗಮನ ಒಪ್ಪಂದದ ಅಡಿಯಲ್ಲಿ ಪ್ರತ್ಯೇಕ ಕಾರ್ಡ್ ಸಿಕ್ಕಿತು. ಫ್ರಾನ್ಸಿನಲ್ಲಿ ಅದಕ್ಕೆ ಅರ್ಜಿ ಹಾಕಲೇಬೇಕಿತ್ತು, ಗಡುವು 2021ರ ಸೆಪ್ಟೆಂಬರ್ 30ರವರೆಗೆ ಹೋಯಿತು, ಮತ್ತು ಪ್ರತಿಯೊಬ್ಬರೂ ತಮ್ಮದೇ ಅರ್ಜಿ ಹಾಕಬೇಕಿತ್ತು. ಇವರ ಜೀವನದಲ್ಲಿ ಗಂಡನ ಫೈಲಿಗೆ ಅಂಟಿಕೊಳ್ಳದ ಒಂದೇ ಒಂದು ಕಾಗದ ಇದು. ಅದೂ ಫ್ರಾನ್ಸ್ ಬೇರೆ ದಾರಿ ಕೊಡದೇ ಇದ್ದುದರಿಂದ.

ಆಗ ಐದು ವರ್ಷ ತುಂಬಿರದವರಿಗೆ ಐದು ವರ್ಷದ ಕಾರ್ಡ್ ಕೊಟ್ಟರು, ತುಂಬಿದವರಿಗೆ ಹತ್ತು ವರ್ಷದ ಕಾಯಂ ಕಾರ್ಡ್. ಇವರದು ಐದು ವರ್ಷದ್ದು, 2026ರ ಬೇಸಿಗೆಗೆ ಮುಗಿಯುವಂಥದ್ದು. 2018ರಲ್ಲಿ ಬಂದವರಾದ್ದರಿಂದ 2023ರಲ್ಲೇ ಐದು ವರ್ಷ ಆಗಿತ್ತು, ಕಾರ್ಡ್ ಮುಗಿಯುವವರೆಗೆ ಕಾಯಲೇಬೇಕಂತೇನೂ ಇರಲಿಲ್ಲ. ಬೇಗ ಕೇಳುವುದರಲ್ಲಿ ಲಾಭ ಏನು ಅಂದರೆ, ಐದು ವರ್ಷದ ಹಂತದಲ್ಲಿ ವರ್ಷಕ್ಕೆ ಆರು ತಿಂಗಳಿಗಿಂತ ಜಾಸ್ತಿ ಫ್ರಾನ್ಸಿನ ಹೊರಗಿದ್ದರೆ ಹಕ್ಕಿಗೆ ತೊಂದರೆ ಬರುತ್ತದೆ, ಕಾಯಂ ಹಂತದಲ್ಲಿ ಐದು ವರ್ಷದವರೆಗೆ ಹೊರಗಿರಬಹುದು. ಗಂಡನನ್ನು ಕಳೆದುಕೊಂಡ ಹೆಂಗಸು ಇಂಗ್ಲೆಂಡಿನ ಅಕ್ಕನ ಮನೆಯಲ್ಲಿ ಕೆಲವು ಕಾಲ ಇರಬೇಕು ಅಂದುಕೊಳ್ಳುವುದು ಸಹಜ. ಹಾಗೆ ಹೋಗುವ ಮುಂಚೆ ಕಾಯಂ ಕಾರ್ಡಿಗೆ ಅರ್ಜಿ ಹಾಕಿ ಎಂದು ನಾನು ಗಟ್ಟಿಯಾಗಿ ಹೇಳಿದೆ.

ಅದಕ್ಕೆ ಐದು ವರ್ಷ ಇಲ್ಲೇ ಇದ್ದೆ ಎನ್ನುವುದಕ್ಕೆ ಪ್ರತಿ ವರ್ಷದ ಪುರಾವೆ ಬೇಕು. ಕರೆಂಟ್ ಬಿಲ್ಲುಗಳು ಗಂಡನ ಹೆಸರಲ್ಲಿ, ಫೋನ್ ಬಿಲ್ಲೂ ಹಾಗೇ. ಆದರೆ ವರ್ಷ ವರ್ಷ ಬರುವ ತೆರಿಗೆ ನಿರ್ಧಾರ ಪತ್ರದಲ್ಲಿ ಇಬ್ಬರ ಹೆಸರೂ ಇರುತ್ತದೆ. ಮನೆ ಇಬ್ಬರ ಹೆಸರಲ್ಲಿ ಇದ್ದುದರಿಂದ ಆಸ್ತಿ ತೆರಿಗೆ ಪತ್ರದಲ್ಲೂ ಇತ್ತು. ಆ ಎರಡೇ ಕಾಗದ ಇವರನ್ನು ಕಾಪಾಡಿದ್ದು. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುತ್ತಿದ್ದೇವೆ, ಇಲ್ಲಿ ಘೋಷಣೆ ಯಾಕೆ ಅನ್ನುವ ಬ್ರಿಟಿಷರನ್ನು ನಾನು ಆಗಾಗ ನೋಡುತ್ತೇನೆ. ಕಟ್ಟಬೇಕಾದ್ದು ಸೊನ್ನೆಯಾದರೂ ಘೋಷಣೆ ಕೊಡಬೇಕು. ಆ ಸೊನ್ನೆಯ ಪತ್ರವೇ ಈ ದೇಶದಲ್ಲಿ ನೀವು ಇದ್ದಿರಿ ಎನ್ನುವುದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ. ಜಿಲ್ಲಾ ಕೇಂದ್ರ ಪೆರಿಗ್ಯೂವಿನಲ್ಲಿ ಬೆರಳಚ್ಚು ಕೊಟ್ಟು ಬಂದರು, ಹತ್ತು ವರ್ಷದ ಕಾರ್ಡ್ ಬಂತು. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಯಲ್ಲಿ ಶುರುವಾದ ಬೆರಳಚ್ಚು, ಫೋಟೊ ನೋಂದಣಿ ವ್ಯವಸ್ಥೆಯಿಂದ ಈ ಕಾರ್ಡ್ ಇದ್ದವರಿಗೆ ವಿನಾಯಿತಿ ಇದೆ. ಪಾಸ್‌ಪೋರ್ಟ್ ಜೊತೆ ಅದನ್ನೂ ತೋರಿಸಬೇಕು, ಕೇಳುವವರೆಗೆ ಕಾಯಬಾರದು.

ಬ್ರಿಟಿಷ್ ಪಾಸ್‌ಪೋರ್ಟ್ ಪಡೆದು, ನಿವೃತ್ತಿಗೆಂದು ಬ್ರೆಕ್ಸಿಟ್ ಮುಂಚೆಯೇ ಫ್ರಾನ್ಸಿಗೆ ಬಂದ ಕನ್ನಡಿಗರಿಗೂ ಇವೇ ನಿಯಮ. ಅವರಿಗೆ ಹೆಚ್ಚಿನ ತೊಡಕು ಒಂದೇ, ಜನನ ಪತ್ರ ಕರ್ನಾಟಕದ್ದು. ಕನ್ನಡದ ಜೊತೆ ಇಂಗ್ಲಿಷ್ ಕೂಡ ಇರುವ ಪ್ರತಿ ತೆಗೆಸಿ, ಭಾರತದ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ ಹಾಕಿಸಿಕೊಂಡು, ಇಬ್ಬರಿಗೂ ಒಂದೊಂದು ಇಟ್ಟುಕೊಂಡಿರೋದು ಒಳ್ಳೆಯದು. ಊರಿಗೆ ಹೋದಾಗಲೇ ಮಾಡಿಸಿ, ಇಲ್ಲಿಂದ ಕೂತು ಮಾಡಿಸೋದು ಬಹಳ ಕಷ್ಟ.

ಕೊನೆಯದಾಗಿ ಮನೆ. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗ ಇದು, ಮತ್ತು ನಾನು ಅಂದುಕೊಂಡಿದ್ದಕ್ಕೆ ಉಲ್ಟಾ ಆದದ್ದೂ ಇಲ್ಲೇ.

ಫ್ರಾನ್ಸಿನಲ್ಲಿ ಮಕ್ಕಳನ್ನು ಉಯಿಲಿನಿಂದ ಬಿಡೋ ಹಾಗಿಲ್ಲ. ಒಂದು ಮಗು ಇದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರನೇ ಎರಡು, ಮೂವರು ಅಥವಾ ಜಾಸ್ತಿ ಇದ್ದರೆ ನಾಲ್ಕನೇ ಮೂರು ಭಾಗ ಅವರಿಗೆ ಮೀಸಲು. ಇಂಗ್ಲೆಂಡಿನಲ್ಲಿ ಹಾಗಿಲ್ಲ, ಯಾರಿಗೆ ಬೇಕಾದರೂ ಬರೆಯಬಹುದು. 2015ರ ಆಗಸ್ಟ್ 17ರಿಂದ ಜಾರಿಯಾದ ಯುರೋಪಿನ ಉತ್ತರಾಧಿಕಾರ ನಿಯಮದ ಪ್ರಕಾರ, ಇಲ್ಲಿರುವ ವಿದೇಶಿಯರು ತಮ್ಮ ಪೌರತ್ವದ ದೇಶದ ಕಾನೂನನ್ನು ಆರಿಸಿಕೊಳ್ಳಬಹುದು. ಈ ಗಂಡ 2019ರಲ್ಲಿ ಹಾಗೇ ಮಾಡಿದ್ದರು. ಇಂಗ್ಲೆಂಡಿನ ಕಾನೂನು ಆರಿಸಿ ಎಲ್ಲವನ್ನೂ ಹೆಂಡತಿಗೆ ಬರೆದಿದ್ದರು. ಅಲ್ಲಿಗೆ ಮುಗಿಯಿತು ಎಂದು ಇಬ್ಬರೂ ನೆಮ್ಮದಿಯಾಗಿದ್ದರು. ಆದರೆ 2021ರ ನವೆಂಬರ್ 1ರಿಂದ ಫ್ರಾನ್ಸಿನಲ್ಲಿ ಹೊಸ ಕಾನೂನು ಬಂತು. ಆರಿಸಿಕೊಂಡ ವಿದೇಶಿ ಕಾನೂನು ಮಕ್ಕಳಿಗೆ ಮೀಸಲು ಭಾಗ ಕೊಡದಿದ್ದರೆ, ಸತ್ತವರು ಅಥವಾ ಮಕ್ಕಳಲ್ಲಿ ಒಬ್ಬರಾದರೂ ಯುರೋಪ್ ಒಕ್ಕೂಟದ ಪ್ರಜೆ ಅಥವಾ ನಿವಾಸಿಯಾಗಿದ್ದರೆ, ಮಕ್ಕಳು ಫ್ರಾನ್ಸಿನಲ್ಲಿರುವ ಆಸ್ತಿಯಿಂದ ಆ ಭಾಗವನ್ನು ಕೇಳಿ ಪಡೆಯಬಹುದು. ಗಂಡ ಇಲ್ಲಿನ ನಿವಾಸಿ, ಹಾಗಾಗಿ ಇವರಿಗೆ ಇದು ಅನ್ವಯ. ಆಸ್ತಿ ವ್ಯವಹಾರ ನೋಡುವ ನೋಟೇರ್ ಮಕ್ಕಳಿಗೆ ಈ ಹಕ್ಕನ್ನು ತಿಳಿಸಲೇಬೇಕು. ತಿಳಿಸಿದರು.

ಆ ಪತ್ರದ ವಿಷಯ ಗೊತ್ತಾದ ದಿನ ಹೆಂಡತಿ ತುಂಬ ಕುಗ್ಗಿದ್ದರು. ಮಗಳು ತಕ್ಷಣ, ನನಗೇನೂ ಬೇಡ ಎಂದು ಬರೆದಳು. ಮಗನೂ ಸ್ವಲ್ಪ ತಡವಾಗಿ ಅದನ್ನೇ ಹೇಳಿದ. ಆದರೆ ನೋಟೇರ್ ಎಲ್ಲರನ್ನೂ ತಡೆದು ಲೆಕ್ಕ ತೋರಿಸಿದರು. ಮನೆಯ ಬೆಲೆ 1,80,000 ಯೂರೋ ಅಂತ ಇಟ್ಟುಕೊಳ್ಳಿ, ಗಂಡನ ಅರ್ಧ 90,000. ಎಲ್ಲವೂ ಹೆಂಡತಿಗೆ ಬಂದರೆ ಅವರಿಗೆ ತೆರಿಗೆಯಿಲ್ಲ, 2007ರಿಂದ ಫ್ರಾನ್ಸಿನಲ್ಲಿ ಗಂಡ ಹೆಂಡತಿ ನಡುವೆ ಉತ್ತರಾಧಿಕಾರ ತೆರಿಗೆ ಇಲ್ಲ. ಆದರೆ ಮುಂದೆ ಅವರಿಂದ ಈ ಮಕ್ಕಳಿಗೆ ಹೋಗುವಾಗ? ಮಲಮಕ್ಕಳು ಫ್ರೆಂಚ್ ತೆರಿಗೆಯ ಲೆಕ್ಕದಲ್ಲಿ ಪರಕೀಯರು, 60% ತೆರಿಗೆ. ಅದೇ ಈಗ ಮೀಸಲು ಭಾಗ ಕೇಳಿದರೆ ಮೂರನೇ ಎರಡು, ಅಂದರೆ 60,000, ತಲಾ 30,000 ಯೂರೋ ನೇರವಾಗಿ ಅಪ್ಪನಿಂದ ಬರುತ್ತದೆ. ಅಪ್ಪನಿಂದ ಮಗುವಿಗೆ 1,00,000 ಯೂರೋವರೆಗೆ ತೆರಿಗೆಯೇ ಇಲ್ಲ.

ಶತ್ರುವಿನಂತೆ ಬಂದ ಕಾನೂನು ಈ ಮನೆಯ ಮಟ್ಟಿಗೆ ಉಪಕಾರವನ್ನೇ ಮಾಡಿತು. ಹೆಂಡತಿಯೇ ಮಕ್ಕಳಿಗೆ ಫೋನ್ ಮಾಡಿ, ನಿಮ್ಮ ಪಾಲು ಕೇಳಿ, ಬಿಡಬೇಡಿ ಅಂದರು. ಮಕ್ಕಳು ಹಣ ಕೇಳಲಿಲ್ಲ, ಮನೆಯಲ್ಲಿ ಮೂರನೇ ಒಂದು ಭಾಗಕ್ಕೆ ಸಹಮಾಲೀಕರಾದರು. ಹೆಂಡತಿ ಬದುಕಿರುವವರೆಗೆ ಬಾಡಿಗೆಯಿಲ್ಲದೆ ಆ ಮನೆಯಲ್ಲೇ ಇರಬಹುದು ಎಂದು ಎಲ್ಲರೂ ಒಪ್ಪಿಕೊಂಡರು. ಅದನ್ನು ಬಾಯಿ ಮಾತಿಗೆ ಬಿಡದೆ ನೋಟೇರ್ ಮುಂದೆ ಬರೆಸಿದರು. ಸಾವಾದ ಆರು ತಿಂಗಳೊಳಗೆ ಕೊಡಬೇಕಾದ ಉತ್ತರಾಧಿಕಾರ ಘೋಷಣೆಯೂ ಸಮಯಕ್ಕೆ ಹೋಯಿತು. ಇಷ್ಟು ಸಲೀಸಾಗಿ ಆದದ್ದು ಆ ಮಕ್ಕಳಿಗೂ ಇವರಿಗೂ ಪ್ರೀತಿ ಇದ್ದುದರಿಂದ. ಸಂಬಂಧ ಕೆಟ್ಟಿದ್ದರೆ ಇದೇ ಕಾನೂನಿನಿಂದ ಮನೆ ಮಾರುವ ಪರಿಸ್ಥಿತಿ ಬರಬಹುದಿತ್ತು. ಎರಡನೇ ಮದುವೆಯ ಬ್ರಿಟಿಷ್ ದಂಪತಿಗಳು, 2021ಕ್ಕಿಂತ ಮುಂಚೆ ಉಯಿಲು ಬರೆದಿದ್ದರೆ, ದಯವಿಟ್ಟು ಅದನ್ನು ನೋಟೇರ್ ಹತ್ತಿರ ಮತ್ತೆ ಓದಿಸಿ, ಇಬ್ಬರೂ ಜೊತೆಗೆ ಹೋಗಿ.

ಕರೆಂಟು, ನೀರು, ಇಂಟರ್ನೆಟ್ಟು, ಕಾರಿನ ನೋಂದಣಿ ಎಲ್ಲ ಈಗ ಅವರ ಹೆಸರಲ್ಲಿದೆ. ಅದರಲ್ಲಿ ಬಹಳಷ್ಟನ್ನು ಹತ್ತಿರದ ಫ್ರಾನ್ಸ್ ಸರ್ವಿಸ್ ಎಂಬ ಸರ್ಕಾರಿ ಸಹಾಯ ಕೇಂದ್ರದಲ್ಲಿ, ಅಲ್ಲಿನ ಸಿಬ್ಬಂದಿಯ ಪಕ್ಕ ಕೂತು ಮಾಡಿದರು. ಹಳ್ಳಿಗಾಡಿನಲ್ಲೂ ಇರುವ ಈ ಕೇಂದ್ರಗಳಲ್ಲಿ ಸಹಾಯಕ್ಕೆ ಹಣ ಕೊಡಬೇಕಿಲ್ಲ. ಉಳಿದಿರೋದು ಅವರ ಪಾಲಿನ ಮೂರನೇ ಎರಡು ಭಾಗ ಮನೆ. ಅದನ್ನೂ ಈ ಮಕ್ಕಳಿಗೇ ಕೊಡಬೇಕೆಂದು ಅವರ ಆಸೆ, ಆದರೆ ಅಲ್ಲಿ 60% ಕಾದಿದೆ. ಗಂಡನ ಮಕ್ಕಳನ್ನು ಅವರು ವಯಸ್ಕರಾದ ಮೇಲೂ ದತ್ತು ತೆಗೆದುಕೊಳ್ಳುವ ಸರಳ ದತ್ತು ಎಂಬ ದಾರಿ ಫ್ರೆಂಚ್ ಕಾನೂನಿನಲ್ಲಿದೆ, ಮತ್ತು ಸಂಗಾತಿಯ ಮೊದಲ ಮದುವೆಯ ಮಕ್ಕಳನ್ನು ಹಾಗೆ ದತ್ತು ಪಡೆದರೆ ಸ್ವಂತ ಮಕ್ಕಳ ತೆರಿಗೆ ದರವೇ ಸಿಗುತ್ತದೆ. ಅದಕ್ಕೆ ಕೋರ್ಟಿನ ಒಪ್ಪಿಗೆ ಬೇಕು, ಇಬ್ಬರು ಮಕ್ಕಳ ಒಪ್ಪಿಗೆ ಬೇಕು. ಇವರ ವಿಷಯದಲ್ಲಿ ಅದು ಹೇಗೆ ಆಗಬಹುದು ಎಂದು ನೋಟೇರ್ ಈಗ ನೋಡುತ್ತಿದ್ದಾರೆ. ಮಗಳು ಹೂಂ ಅಂದಿದ್ದಾಳೆ, ಮಗ ತನ್ನ ಅಮ್ಮನನ್ನು ಒಂದು ಮಾತು ಕೇಳಿ ಹೇಳುತ್ತೇನೆ ಅಂದಿದ್ದಾನೆ.